ಮೊಟ್ಟೆಯಜ್ಜನ ದೆವ್ವ

ಬಾಯಿ ತೆರೆದರೆ ಸಿಡಿಯುತ್ತಾಳೆಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳಿಗೆ ಸಾಸಿವೆ ಎಂದೇ ಹೆಸರು. ದಿನಕ್ಕೆ ಇನ್ನೂರು ಜನಕ್ಕೆ ಬೇಯಿಸಿ ಹಾಕುವ ಆ ಗಟ್ಟಿಗಿತ್ತಿ ಮನೆಯಲ್ಲಿ ತಾಯಿಯ ಮುಂದೆ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ಆ ಮೌನಕ್ಕೆ ಬೆಲೆ ತೆತ್ತವಳು ಅತ್ತಿಗೆ.

ಅತ್ತಿಗೆಗೆ ಫಿಟ್ಸ್ ಬರುತ್ತಿತ್ತು. ಮಾತ್ರೆ ನುಂಗುತ್ತಿದ್ದಷ್ಟು ದಿನ ಚೆನ್ನಾಗಿಯೇ ಇದ್ದಳು. ಗಂಡನ ನಡಿಗೆಯನ್ನು ಅಣಕಿಸಿ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದಳು. ಅವಳ ಅತ್ತೆಗೆ, ಎಂದರೆ ಸಾಸಿವೆಯ ತಾಯಿಗೆ, ಆ ಮಾತ್ರೆಗಳೇ ಕಣ್ಣಿಗೆ ಚುಚ್ಚಿದವು. "ಸಾಯೋವರೆಗೂ ನುಂಗೋದು ಅದೆಂಥ ಔಷಧಿ? ಇದು ಗಾಳಿ ಸೋಕಿರೋದು" ಎಂದು ಅವನ್ನು ಚರಂಡಿಗೆ ಸುರಿದು ಮೊಟ್ಟೆಯಜ್ಜನನ್ನು ಕರೆಸಿದಳು.

ಮೊಟ್ಟೆಯಜ್ಜನ ವಿದ್ಯೆ ಇಡೀ ಬೀದಿಗೆ ಗೊತ್ತು. ಸಂಚಿಯಿಂದ ಮೊಟ್ಟೆ ತೆಗೆದು ತೋರಿಸಿ, ಬಟ್ಟೆಯಲ್ಲಿ ಸುತ್ತಿ, ರೋಗಿಯ ತಲೆಯಿಂದ ಕಾಲಿನವರೆಗೆ ಇಳಿಸುತ್ತಿದ್ದ. ಬಟ್ಟೆ ಬಿಚ್ಚಿದರೆ ಚಿಪ್ಪಿಲ್ಲದ ಮೆತ್ತನೆಯ ಮೊಟ್ಟೆ! ಚಿಪ್ಪು ತಿಂದದ್ದು ಮೈಯೊಳಗಿನ ದೆವ್ವವಂತೆ. ಅದನ್ನು ಓಡಿಸಲು ಕಾದ ಸೌಟಿನ ಬರೆ.

ಮೊದಲ ಬರೆ ಅತ್ತಿಗೆಯ ಅಂಗೈಗೆ ಬಿತ್ತು. ಅಣ್ಣ ತೋಳು ಹಿಡಿದ. "ಕಾಲು ಹಿಡ್ಕೊಳ್ಳೇ, ಅವಳ ಒಳ್ಳೇದಕ್ಕೇ" ಎಂದಳು ತಾಯಿ. ಸಾಸಿವೆ ಹಿಡಿದುಕೊಂಡಳು. ಕೂಗು ಮೂರು ಮನೆಯಾಚೆಗೂ ಕೇಳಿಸಿತು, ಒಬ್ಬರೂ ಬರಲಿಲ್ಲ.

ನಾಲ್ಕನೆಯ ದಿನ ಮತ್ತೆ ಫಿಟ್ಸ್. ಮತ್ತೆ ಅಜ್ಜ, ಮತ್ತೆ ಮೆತ್ತನೆಯ ಮೊಟ್ಟೆ. "ಜಗಮೊಂಡ ದೆವ್ವ. ಭಾನುವಾರ ನಾಲಿಗೆಗೆ ಬರೆ ಹಾಕ್ಬೇಕು" ಎಂದು ಮೊಟ್ಟೆಯನ್ನು ಸಾಸಿವೆಯ ಕೈಗಿತ್ತ. "ತಗೊಂಡು ಹೋಗಿ ದೂರ ಬಿಸಾಕು."

ಬಾಗಿಲು ದಾಟುತ್ತಲೇ ಅವಳ ಮೂಗು ಅರಳಿತು. ಕ್ಯಾಂಟೀನಿನಲ್ಲಿ ದಿನಾ ಈರುಳ್ಳಿ ನೆನೆಹಾಕುವ ವಿನೆಗರಿನ ವಾಸನೆ! ಮರುದಿನ ಅಲ್ಲೇ ಒಂದು ಭರಣಿಗೆ ಮೂರು ಮೊಟ್ಟೆ ಹಾಕಿ, ಮುಳುಗುವಷ್ಟು ವಿನೆಗರ್ ಸುರಿದಳು. ಚಿಪ್ಪಿನ ತುಂಬ ಸಣ್ಣ ಗುಳ್ಳೆಗಳೆದ್ದವು, ಮೇಲೆ ನೊರೆ ಕಟ್ಟಿತು. ಎರಡು ದಿನ ಬಿಟ್ಟು ತೆಗೆದು ನಲ್ಲಿಯ ಕೆಳಗೆ ಹೆಬ್ಬೆರಳಿನಿಂದ ಉಜ್ಜಿದಳು. ಉಳಿದ ಚೂರುಪಾರು ಚಿಪ್ಪು ಸುಣ್ಣದಂತೆ ತೊಳೆದುಹೋಯಿತು. ಕೈಯಲ್ಲುಳಿದದ್ದು ತೆಳುಪೊರೆಯ ಮೆತ್ತನೆಯ ಮೊಟ್ಟೆ. ಇಷ್ಟಕ್ಕೇನಾ? ಇಷ್ಟಕ್ಕಾಗಿ ತಾನು ಆ ಕಾಲುಗಳನ್ನು ಅದುಮಿ ಹಿಡಿದದ್ದು?

ಭಾನುವಾರ ಒಲೆಯ ಮೇಲೆ ಸೌಟು ಕೆಂಪಾಗುತ್ತಿತ್ತು. ಸಾಸಿವೆ ಮೂರೂ ಮೊಟ್ಟೆಗಳನ್ನು ತಟ್ಟೆಯಲ್ಲಿ ತಂದು ಅಜ್ಜನ ಮುಂದಿಟ್ಟಳು.

"ಇವಕ್ಕೆ ಯಾವ ದೆವ್ವ ಹಿಡಿದಿತ್ತಜ್ಜ? ನಾನು ವಿನೆಗರಲ್ಲಿ ನೆನೆಹಾಕಿದ್ದೆ, ಅಷ್ಟೇ."

"ದೊಡ್ಡೋರ ಹತ್ರ ಹೀಗಾ ಮಾತಾಡೋದು?" ತಾಯಿ ಗದರಿದಳು.

ಸಾಸಿವೆ ಗಟ್ಟಿ ಚಿಪ್ಪಿನ ಹೊಸ ಮೊಟ್ಟೆಯೊಂದನ್ನು ಅಜ್ಜನ ಮುಂದೆ ಹಿಡಿದಳು. "ಸರಿ, ಇದು ನಮ್ಮನೆ ಮೊಟ್ಟೆ. ನಿಮ್ಮ ಬಟ್ಟೆ, ನಿಮ್ಮ ಸಂಚಿ ಯಾವುದೂ ಬೇಡ, ಅದಲುಬದಲು ಮಾಡೋಕೆ ಆಗ್ಬಾರ್ದು. ಬರೀ ಕೈಯಲ್ಲಿ ಇಳಿಸಿ. ಚಿಪ್ಪು ಕರಗಿದ್ರೆ ನನ್ನ ನಾಲಿಗೆಗೂ ಬರೆ ಹಾಕಿ!"

ಅಜ್ಜ ಆ ಮೊಟ್ಟೆಯನ್ನು ಮುಟ್ಟಲಿಲ್ಲ. "ನಂಬಿಕೆ ಇಲ್ಲದ ಮನೇಲಿ ನಂಗೇನು ಕೆಲಸ?" ಎಂದು ಸಂಚಿ ಹೆಗಲಿಗೇರಿಸಿ ನಡೆದೇಬಿಟ್ಟ.

ತಾಯಿ ಬಾಗಿಲಿನವರೆಗೆ ಓಡಿ, ಬರಿಗೈಯಲ್ಲಿ ತಿರುಗಿ ಬಂದಳು. "ನಿಂದು ವಿನೆಗರ್ ಇರಬಹುದು ಕಣೇ, ಅವರದು ಮಂತ್ರ! ನಾಳೆ ಇವಳು ಸತ್ರೆ ಪಾಪ ನಿನ್ನ ತಲೆಗೇ."

"ಮಾತ್ರೆ ಚರಂಡಿಗೆ ಸುರಿದವರು ಯಾರಮ್ಮ? ಅವಳು ಸತ್ರೆ ಕೊಂದವರು ನಾವು. ನಾನೂ ಸೇರಿ!"

ಅಣ್ಣ ಗೋಡೆ ನೋಡುತ್ತ ನಿಂತಿದ್ದ. ಮೂಲೆಯಲ್ಲಿ ಕೂತಿದ್ದ ಅತ್ತಿಗೆ ಎದ್ದು, ಎಡಗೈಯಿಂದ ಒಲೆ ಆರಿಸಿದಳು.

"ನಾನು ಆಸ್ಪತ್ರೆಗೆ ಹೊರಟೆ."

"ಈ ಕೈ ಇಟ್ಕೊಂಡಾ? ಸೆರಗಿನಲ್ಲಿ ಮುಚ್ಕೊಳ್ಳೇ, ಯಾರಾದ್ರೂ ಕೇಳಿದ್ರೆ ಒಲೆ ತಾಗ್ತು ಅನ್ನು. ಮನೆ ಮಾನ ಇದೆ" ಎಂದಳು ಅತ್ತೆ.

ಅತ್ತಿಗೆ ಸೆರಗನ್ನು ಹಿಂದಕ್ಕೆ ಸರಿಸಿದಳು. ನಾದಿನಿಯ ತೋಳು ಹಿಡಿದು ಬೀದಿಗಿಳಿದಳು. ನಲ್ಲಿಯ ಬಳಿ ನಾಲ್ಕಾರು ಹೆಂಗಸರು ಕೊಡ ಹಿಡಿದು ನಿಂತಿದ್ದರು. ಪಕ್ಕದ ಮನೆಯವಳು ಏನೂ ಅರಿಯದವಳಂತೆ ಕೇಳಿದಳು: "ಅಯ್ಯೋ, ಕೈಗೇನಾಯ್ತಮ್ಮ?"

ಅತ್ತಿಗೆ ನಿಂತಳು. ಕೀವು ತುಂಬಿದ ಅಂಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ನಮ್ಮ ಮನೆಯವರೆಲ್ಲ ಸೇರಿ ಸುಟ್ಟರು. ನಾನು ಕೂಗಿದೆ. ನಿಮಗೆಲ್ಲ ಕೇಳಿಸ್ತಲ್ಲ?"