ಗುರುಗಳ ಬೆರಳು

"ಮೂರು ಸಲ ತಪ್ಪಾಯ್ತು ಸಾರ್. ಇನ್ನೆರಡು ಸಲ ತಪ್ಪಿದ್ರೆ ಇದು ಬಾಯಿ ಮುಚ್ಕೊಂಡುಬಿಡುತ್ತೆ," ಎಂದು ಅವಳು ಕೀಲಿಮಣೆಯಿಂದ ಕೈ ತೆಗೆದಳು.

ಆಸ್ಪತ್ರೆಯ ನೆಲಮಾಳಿಗೆಯ ಆ ತಣ್ಣನೆಯ ಕೋಣೆಯಲ್ಲಿ ಕಂಪ್ಯೂಟರಿನ ಮಾಹಿತಿ ತುಂಬಿಡುವ ಎರಡು ಸ್ಟೋರೇಜ್ ಪೆಟ್ಟಿಗೆಗಳಿದ್ದವು. ಹೊಸದು ಬೆಳಿಗ್ಗೆಯೇ ತಕರಾರಿಲ್ಲದೆ ಹೊಸ ಸಾಫ್ಟ್‌ವೇರಿಗೆ ಸೇರಿಕೊಂಡಿತ್ತು. ಹಳೆಯದು ಪಾಸ್‌ವರ್ಡ್ ಕೊಡು ಎಂದು ಜಗ್ಗದೆ ಕೂತಿತ್ತು. ಹದಿನಾಲ್ಕು ವರ್ಷದ ಎಕ್ಸ್‌ರೇ, ಸ್ಕ್ಯಾನುಗಳೆಲ್ಲ ಅದರ ಹೊಟ್ಟೆಯಲ್ಲಿ. ಅವನ್ನು ಡಾಕ್ಟರುಗಳ ಪರದೆಗೆ ಮುಟ್ಟಿಸುವ ಮೂವತ್ತೊಂದು ವರ್ಚುವಲ್ ಯಂತ್ರಗಳೂ, ಅಂದರೆ ಸಾಫ್ಟ್‌ವೇರಿನೊಳಗೇ ಓಡುವ ಕಂಪ್ಯೂಟರುಗಳೂ, ಅಲ್ಲೇ. ಈ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಹಳೆಯ ಸಾಫ್ಟ್‌ವೇರ್ ಶುಕ್ರವಾರಕ್ಕೆ ನಿಲ್ಲಲಿತ್ತು. ಬಲವಂತದಿಂದ ಪೆಟ್ಟಿಗೆ ತೆರೆದರೆ ಎಲ್ಲವೂ ಅಳಿಸಿಹೋಗುವ ಭಯ.

"ಗುರುಗಳನ್ನ ಒಂದು ಮಾತು ಕೇಳು," ಎಂದ ಮ್ಯಾನೇಜರ್.

"ಹೋದ ವರ್ಷ ದಾರೀಲಿ ಸಿಕ್ಕಿದ್ರು. ಯಾರಮ್ಮ ನೀನು ಅಂದ್ರು."

ಹಳೆಯ ಪೆಟ್ಟಿಗೆಯನ್ನು ಕೂರಿಸಿದವರು ಗುರುಗಳೇ. ಅವಳಿಗೆ ಆರು ವರ್ಷ ಕೆಲಸ ಕಲಿಸಿದವರೂ ಅವರೇ. ಕಾಗದಕ್ಕೆ ಕಣ್ಣಿದೆ, ಗೋಡೆಗೆ ಕಿವಿಯಿದೆ ಎಂದು ಪಾಸ್‌ವರ್ಡನ್ನು ಎಲ್ಲೂ ಬರೆದಿಡದ ಮನುಷ್ಯ. ನಿವೃತ್ತಿಯಾದ ಮೇಲೆ ನೆನಪುಗಳು ಒಂದೊಂದಾಗಿ ಅವರನ್ನು ಬಿಟ್ಟು ಹೋಗಿದ್ದವು.

ಆದರೂ ಮಧ್ಯಾಹ್ನ ಅವರ ಮನೆಗೆ ಹೋದಳು. ಬಾಗಿಲು ತೆಗೆದ ಅವರ ಹೆಂಡತಿ, "ಬಾ ಮಗಳೇ. ಸರಿಯಾದ ಹೊತ್ತಿಗೆ ಬಂದೆ, ಸಾಹೇಬರ ಡ್ಯೂಟಿ ಶುರುವಾಗಿದೆ," ಎಂದರು.

ಗುರುಗಳು ಊಟದ ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು ಬರಿಯ ಹಲಗೆಯ ಮೇಲೆ ಬೆರಳು ಬಡಿಯುತ್ತಿದ್ದರು.

"ದಿನಾ ಮೂರು ಗಂಟೆಗೆ ಕೂರ್ತಾರೆ. ಭಾನುವಾರವೂ ರಜಾ ಇಲ್ಲ. ಲೋಟ ತಟ್ಟೆ ಎಲ್ಲ ಕುಣಿಯುತ್ತೆ, ನನ್ನ ತಲೆ ಚಿಟ್ಟು ಹಿಡಿಯುತ್ತೆ. ಇರು, ಟೀ ತರ್ತೀನಿ."

ಅವಳು ಎದುರಿಗೆ ಕೂತಳು. ಹನ್ನೆರಡು ಬಡಿತ. ಆಮೇಲೆ ಎಂಟರ್ ಕೀಲಿ ಒತ್ತುವ ಹಾಗೆ ಬಲಗೈ ಕಿರುಬೆರಳಿನ ಒಂದು ಗಟ್ಟಿ ಏಟು. ಗುರುಗಳು ತಲೆ ವಾಲಿಸಿ ಏನನ್ನೋ ಕಾದರು. ಮತ್ತೆ ಅದೇ ಹನ್ನೆರಡು, ಅದೇ ಏಟು. ಇದು ಪಾಸ್‌ವರ್ಡೇ ಎಂದು ಅವಳಿಗೆ ಹೊಳೆಯಿತು.

ಅಡುಗೆಮನೆಯ ಕಡೆ ಒಮ್ಮೆ ನೋಡಿ, ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಅವರ ಬೆರಳುಗಳ ಕೆಳಗೆ ಮೆಲ್ಲಗೆ ಸರಿಸಿದಳು. ಮಲಗಿದವರ ಜೇಬಿಗೆ ಕೈ ಹಾಕಿದ ಹಾಗಾಯಿತು. ಪರದೆಯ ಮೇಲೆ ಅಕ್ಷರ, ಅಂಕಿಗಳು ಮೂಡಿದವು. ಯಾರ ಹೆಸರೂ ಅಲ್ಲ, ಯಾವ ತಾರೀಖೂ ಅಲ್ಲ. ಮೂರು ಸಾಲು, ಮೂರೂ ಒಂದೇ.

ಗುರುಗಳು ಅವಳತ್ತ ತಿರುಗಿದರು. "ಎಷ್ಟು ತಟ್ಟಿದ್ರೂ ಯಾರೂ ಬಾಗಿಲು ತೆಗೀತಿಲ್ಲ," ಎಂದರು ಮೆಲುದನಿಯಲ್ಲಿ.

ಟೀ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಚೀಲ ಸೇರಿತ್ತು.

ಮರುದಿನ ಬೆಳಗಿನ ರೋಗಿಗಳ ಸಾಲು ಕರಗಿ ಊಟವಾದ ಮೇಲೆ ಹನ್ನೆರಡನ್ನೂ ಒತ್ತಿದಳು. ಹಳೆಯ ಪೆಟ್ಟಿಗೆ ಒಪ್ಪಿಕೊಂಡಿತು. ಹೊಸ ಸಾಫ್ಟ್‌ವೇರಿನಲ್ಲಿ ಯಂತ್ರಗಳು ಒಂದರ ಹಿಂದೊಂದು ಹಸಿರಾದವು, ಮೂವತ್ತೊಂದೂ. "ಬದುಕಿಸಿಬಿಟ್ಟೆ ಕಣಮ್ಮ!" ಎಂದು ಮ್ಯಾನೇಜರ್ ಕುಣಿಯುವುದೊಂದು ಬಾಕಿ. ಇನ್ನುಳಿದದ್ದು ನಿಯಮದ ಕೆಲಸ: ಹಳೆಯ ಪಾಸ್‌ವರ್ಡ್ ತೆಗೆದು ಹೊಸದು ಹಾಕುವುದು. ಹಾಕಿದಳು. ಗಂಟೆ ಮೂರು ಹತ್ತು.

ಫೋನು ಬಂತು. ಗುರುಗಳ ಹೆಂಡತಿ.

"ಮಗಳೇ, ಇವರು ನಿಲ್ಲಿಸಿಬಿಟ್ರು."

"ಏನು ನಿಲ್ಲಿಸಿದ್ರು ಅಮ್ಮ?"

"ಬೆರಳು. ಈಗ, ಇದೇ ಈಗ. ಅರ್ಧದಲ್ಲಿ ತಡೆದು ನಿಂತುಹೋಯ್ತು. ಮುಂದಿಂದು ಬರ್ತಿಲ್ಲ. ಕೈ ಎರಡನ್ನೂ ಹಿಂದೆ ಮುಂದೆ ತಿರುಗಿಸಿ ನೋಡ್ಕೋತಿದಾರೆ, ಬೇರೆ ಯಾರದ್ದೋ ಅನ್ನೋ ಹಾಗೆ."

"ಒಂದು ನಿಮಿಷ ಅಮ್ಮ, ಇಡಬೇಡಿ."

ಫೋನನ್ನು ಕತ್ತಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹೊಸದರ ಜಾಗಕ್ಕೆ ಹಳೆಯ ಪಾಸ್‌ವರ್ಡನ್ನೇ ಮತ್ತೆ ಹಾಕಲು ಒತ್ತಿದಳು. ಒಮ್ಮೆ ಬಳಸಿದ ಪಾಸ್‌ವರ್ಡ್ ಮತ್ತೆ ಬಳಸುವಂತಿಲ್ಲ ಎಂದಿತು ಪರದೆ. ಇನ್ನೊಮ್ಮೆ ಒತ್ತಿದಳು. ಅದೇ ಉತ್ತರ.

"ಏನು ಮಾಡ್ತಿದೀಯೇ?" ಎಂದು ಹಿಂದಿನಿಂದ ಮ್ಯಾನೇಜರ್ ಕೇಳಿದ.

ಅವಳು ಮೂರನೇ ಸಲ ಒತ್ತಿದಳು. ಫೋನಿನಲ್ಲಿ ಆ ಮನೆಯ ಗೋಡೆ ಗಡಿಯಾರದ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.