ಕಪ್ಪು ಕವರ್ ಸಿಗದ ಊರು

ಮಗಳ ಬಚ್ಚಲಲ್ಲಿ ಹೂವಿನ ಚಿತ್ತಾರದ ಪುಟ್ಟ ಬಟ್ಟೆಗಳು ಕ್ಲಿಪ್ಪಿಗೆ ಜೋತು ಒಣಗುತ್ತಿದ್ದುದನ್ನು ಕಂಡ ಪ್ರೇಮಾವತಿ, ಮೊದಲು ಮಗುವಿನ ಬಿಬ್ಬು ಎಂದುಕೊಂಡರು. ಮೊಮ್ಮಗುವಿನ ಸುದ್ದಿಯೇ ಇನ್ನೂ ಇರಲಿಲ್ಲವಾದ್ದರಿಂದ ಆ ಸಂತೋಷ ಬಾಳಲಿಲ್ಲ. ಅಂಚಿನ ಬಟನ್ ಒತ್ತಿ, ತಿರುಗಿಸಿ ನೋಡಿದ ಮೇಲೆ ಗೊತ್ತಾಯಿತು. ಅವು ಮುಟ್ಟಿನ ಬಟ್ಟೆಗಳು.

ಬಟ್ಟೆಯಿಂದ ಪ್ಯಾಡಿಗೆ ಏರಲು ಪ್ರೇಮಾವತಿಗೆ ಅರ್ಧ ಆಯುಷ್ಯ ಹಿಡಿದಿತ್ತು. ದೀಕ್ಷಿತಾಳಿಗೆ ಮೊದಲ ಸಲದಿಂದಲೇ ಪ್ಯಾಡು ಕೊಡಿಸಿದ್ದು ಅವರ ದೊಡ್ಡ ಹೆಮ್ಮೆ. ಯಾರೆದುರೂ ಹೇಳಿಕೊಳ್ಳಲಾಗದ ಹೆಮ್ಮೆ. ಅಂಥ ಮಗಳು ಗಲ್ಫಿನಲ್ಲಿ, ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಎಸಿ ಫ್ಲ್ಯಾಟಿನಲ್ಲಿದ್ದುಕೊಂಡು ಬಟ್ಟೆ ಒಗೆಯುತ್ತಾಳೆಂದರೆ ಅರ್ಥ ಒಂದೇ: ಹಮದ್ ಬಂದರಿನಲ್ಲಿ ಅಳಿಯ ಯಜ್ಞೇಶನ ಕೆಲಸ ಹೋಗಿದೆ. ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಹೊರಡುವುದೆಲ್ಲ ಅತ್ತೆಯ ಕಣ್ಣಿಗೆ ಮಣ್ಣೆರಚಲು.

ಅಳಿಯ ಖರ್ಚಿಗೆಂದು ಕೊಟ್ಟಿದ್ದ ರಿಯಾಲನ್ನೆಲ್ಲ ಹಿಡಿದು ಅವರು ಕೆಳಗಿನ ಗ್ರೋಸರಿಗೆ ಇಳಿದರು. ಕೌಂಟರಿನ ಮಲಯಾಳಿ ಪ್ಯಾಡಿನ ಪ್ಯಾಕೆಟ್ಟುಗಳನ್ನು ಈರುಳ್ಳಿಯ ಹಾಗೆ ಬಹಿರಂಗವಾಗಿ ಪೇರಿಸಿದ. ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿಕೊಡು ಎಂದು ಪ್ರೇಮಾವತಿ ತಮಗೆ ಬಂದಷ್ಟು ಹಿಂದಿಯಲ್ಲಿ ಬೇಡಿಕೊಂಡರು.

"ಕವರ್ ಮಾಫಿ, ನಹೀ ಹೈ ಅಮ್ಮಾ. ಬ್ಯಾನ್."

ಪ್ಲಾಸ್ಟಿಕ್ ಭೂಮಿಗೆ ಕೆಟ್ಟದ್ದು ಎಂದು ವಿವರಿಸುತ್ತಲೇ ಪ್ಲಾಸ್ಟಿಕ್ ಪ್ಯಾಕೆಟ್ಟುಗಳನ್ನು ಅವರ ಮುಂದೆ ತಳ್ಳಿದ. ಬೇಕಾದರೆ ಬಟ್ಟೆಯ ಚೀಲ ಉಂಟಂತೆ. ಈ ದೇಶದಲ್ಲಿ ಎಲ್ಲವೂ ಕಡೆಗೆ ಬಟ್ಟೆಗೇ ಬಂದು ನಿಲ್ಲುವ ಹಾಗೆ ಕಂಡಿತು. ಚೀಲಕ್ಕೆ ಕಾಸು ಉಳಿದಿರಲಿಲ್ಲ. ಪ್ರೇಮಾವತಿ ಸೆರಗಿನಲ್ಲಿ ಕಟ್ಟಿಕೊಂಡರು. ಲಿಫ್ಟಿನಲ್ಲಿದ್ದವರೆಲ್ಲ ಬಹಳ ಶ್ರದ್ಧೆಯಿಂದ ಮಹಡಿಯ ನಂಬರು ನೋಡಿದರು.

ಸಂಜೆ ಆಫೀಸಿನಿಂದ ಬಂದ ದೀಕ್ಷಿತಾ ಸೋಫಾದ ಮೇಲಿನ ರಾಶಿ ನೋಡಿ ನಿಂತಳು.

"ಇದೆಂತ ಅಮ್ಮ, ಅಂಗಡಿ ಇಡ್ತೀಯಾ?"

"ಇಟ್ಟುಕೋ. ಅವರ ಕೆಲಸ ಹೋದದ್ದು ನಾನು ಅಪ್ಪನಿಗೆ ಹೇಳುವುದಿಲ್ಲ."

"ಯಾರ ಕೆಲಸ?"

ಅಮ್ಮನ ತಪ್ಪು ಕಲ್ಪನೆ ಗೊತ್ತಾದ ಮೇಲೆ ಮಗಳು ಕೂತು ವಿವರಿಸಿದಳು. ಆಫೀಸಿನ ಗೆಳತಿ ಮಿಸ್ರಿಯಾ ಇದನ್ನು ತೋರಿಸಿಕೊಟ್ಟಳಂತೆ. ಎಸೆದ ಪ್ಯಾಡು ನೂರಾರು ವರ್ಷ ಕೊಳೆಯುವುದಿಲ್ಲವಂತೆ. ಬಚ್ಚಲಲ್ಲಿ ಒಣಗುತ್ತಿರುವ ಒಂದೊಂದು ಬಟ್ಟೆಯೂ ಇಂಥ ಒಂದು ಪ್ಯಾಕೆಟ್ಟಿಗಿಂತ ದುಬಾರಿಯಂತೆ. ಕೊನೆಯ ಮಾತಿಗೆ ಪ್ರೇಮಾವತಿಯ ತಲೆ ಪೂರ್ತಿ ಕೆಟ್ಟಿತು. ಹಳೆ ಸೀರೆ ಹರಿದು ಮಾಡುತ್ತಿದ್ದುದಕ್ಕೆ ಇಷ್ಟು ಬೆಲೆಯೇ?

"ನಾವು ಆಗ ಮಾಡಿದ್ದೂ ಇದೇ ಅಲ್ವಾ ಮಾರಾಯ್ತಿ?"

"ಹೌದು. ಆದ್ರೆ ನೀವು ಮಾಡಿದ್ದು ಗೊತ್ತಿಲ್ಲದೆ."

"ಗೊತ್ತಿಲ್ಲದೆಯಾ? ಒಗೆದದ್ದು ನಾನು."

ದೀಕ್ಷಿತಾಳಿಗೆ ರೇಗಿತು. "ನಾಳೆಯೇ ವಾಪಸ್ ಕೊಟ್ಟು ಬಾ. ಈ ಪ್ಲಾಸ್ಟಿಕ್ ನನ್ನ ಮನೆಗೆ ಬೇಡ. ಖಲಾಸ್."

ಅಲ್ಲಿಗೆ ನಿಲ್ಲದೆ ಸಮುದ್ರ, ಮೀನು, ಮುಂದಿನ ಪೀಳಿಗೆ ಎಂದು ಬೈಗುಳ ಬೆಳೆಯಿತು. ಅದು ಬೆಳೆದ ಹಾಗೆ ಪ್ರೇಮಾವತಿಯ ಜೀವ ತಣ್ಣಗಾಯಿತು. ಪುಕ್ಕಟೆ ಬಂದದ್ದನ್ನು ಬೇಡವೆನ್ನುವಷ್ಟು ಸೊಕ್ಕು ಕೆಲಸ ಹೋದವರ ಮನೆಯಲ್ಲಿ ಇರುವುದಿಲ್ಲ. ಮೀನಿಗೂ ಮುಟ್ಟಿಗೂ ಎಂತ ಸಂಬಂಧ ಎಂದು ಕೇಳುವ ಮನಸ್ಸಾಯಿತು. ಎಲ್ಲಿ ಮಗಳು ಬೈಯುವುದನ್ನು ನಿಲ್ಲಿಸಿಬಿಡುತ್ತಾಳೋ ಎಂದು ಸುಮ್ಮನೆ ಕೂತರು.