ನಾಲ್ಕು ಬೆರಳು ಕಡಿಮೆ

ಲಾಯ್ಡ್ ಸ್ಟ್ಯಾಂಪ್ಸ್ ಸತ್ತಾಗ ಅವನ ಮೂವತ್ತನಾಲ್ಕನೇ ಇಸವಿಯ ಫೋರ್ಡ್ ಕೂಪೆ ಕಾರು ಕಿರಿಯ ಮಗ ರಾಯ್ಸ್‌ನ ಪಾಲಿಗೆ ಬಂತು. ಅದನ್ನು ಹಾಟ್ ರಾಡ್, ಅಂದರೆ ಮಾರ್ಪಡಿಸಿದ ವೇಗದ ಗಾಡಿ, ಮಾಡಿ ಊರೆಲ್ಲ ಗುಡುಗಿಸಬೇಕೆಂದು ಮುದುಕ ಆಸೆಪಟ್ಟಿದ್ದ. ದೊಡ್ಡ ಇಂಜಿನ್ ಕೂರಿಸಿದ್ದ, ತಗಡಿನ ಕೆಲಸ ಮುಗಿಸಿದ್ದ. ಹಿಂದಿನ ಎರಡು ಚಕ್ರ ಕೂರುವ ಆಕ್ಸಲ್‌ಗೆ ಕೈಹಾಕುವಷ್ಟರಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ. ಆಮೇಲೆ ಏಳಲಿಲ್ಲ.

ಕಾರು ತಮ್ಮನಿಗೆ ಹೋದದ್ದು ಹಿರಿಯ ಮಗ ಡೆಲ್ಬರ್ಟ್‌ಗೆ ನುಂಗಲಾರದ ತುತ್ತಾಯಿತು. ಬೇಕರ್ಸ್‌ಫೀಲ್ಡಿನ ಕಡೆ ಹಾಟ್ ರಾಡ್ ಎಂದರೆ ಡೆಲ್ಬರ್ಟನ ಶೆಡ್ಡು ಎನ್ನುತ್ತಿದ್ದ ಕಾಲ ಅದು. ರಾಯ್ಸ್, ಟಾಫ್ಟ್ ಎಂಬ ಊರಿನ ಎಣ್ಣೆಬಾವಿಗಳಲ್ಲಿ ಪೈಪು ಹೊರುವವನು. ಆದರೆ ಅಪ್ಪನ ಹೇಲು ಉಚ್ಚೆ ಬಳಿದದ್ದು ಅವನು ಮತ್ತು ಅವನ ಹೆಂಡತಿ ನಡೀನ್. ತಾಯಿ ಓಪಲ್ ಈಗಲೂ ಅವರ ಮನೆಯಲ್ಲೇ ಇದ್ದಳು. ಡೆಲ್ಬರ್ಟ್ ವರ್ಷಕ್ಕೆ ಒಂದೆರಡು ಸಲ ಹೂ ಹಿಡಿದುಕೊಂಡು ಬಂದು ಹೋಗುತ್ತಿದ್ದ.

ರಾಯ್ಸ್‌ಗೆ ಕಾರಿನ ಕೆಲಸ ಅಷ್ಟಕ್ಕಷ್ಟೆ. ಅವನು ಅಣ್ಣನ ಶೆಡ್ಡಿಗೆ ಹೋಗಿ ನಿಂತ. ಡೆಲ್ಬರ್ಟ್ ಕಾರಿನಡಿಯಿಂದ ತಲೆ ಹೊರಗೆ ಹಾಕಿದ.

"ಏನೋ ಪುಟ್ಟ, ದಾರಿ ತಪ್ಪಿ ಬಂದ್ಯಾ?"

"ಇಲ್ಲ ಡೆಲ್. ಅಪ್ಪ ಎತ್ತಿಟ್ಟಿದ್ದ ಆಕ್ಸಲ್ ಇದೆಯಲ್ಲ, ಅದು ಅಗಲ ಜಾಸ್ತಿ. ಕತ್ತರಿಸ್ಬೇಕು. ಎಷ್ಟಕ್ಕೆ ಅಂತ ಗೊತ್ತಾಗ್ತಿಲ್ಲ."

"ಇಷ್ಟೇನಾ? ಗಾಡಿ ಚಾಸಿ ಚೌಕಟ್ಟನ್ನ ಅದು ರಸ್ತೆ ಮೇಲೆ ನಿಲ್ಲೋ ಎತ್ತರಕ್ಕೆ ಎತ್ತಿ ನಿಲ್ಸು. ಎರಡೂ ಚಕ್ರ ಮಡ್‌ಗಾರ್ಡ್ ಕೆಳಗೆ ನಿನಗೆ ಎಲ್ಲಿ ಚೆಂದ ಕಾಣುತ್ತೋ ಅಲ್ಲಿಡು. ಈ ಟೈರಿನ ಒಳಮೈಯಿಂದ ಆ ಟೈರಿನ ಒಳಮೈಗೆ ಟೇಪ್ ಹಿಡಿ. ಬಂದಷ್ಟಕ್ಕೆ ಕತ್ತರ್ಸು."

"ಒಳಮೈಯಿಂದನಾ? ಚಕ್ರದ ಮಧ್ಯದ ಡಿಸ್ಕ್, ಆಕ್ಸಲ್ ತುದಿಯ ಡ್ರಮ್ಮಿಗೆ ಕೂರೋ ಜಾಗದಿಂದ ಅಲ್ವಾ?"

ಡೆಲ್ಬರ್ಟ್ ಎದ್ದು ಕೂತು ಅವನನ್ನೇ ನೋಡಿದ. "ಅಷ್ಟು ಗೊತ್ತಿದ್ರೆ ಇಲ್ಲಿಗ್ಯಾಕೆ ಬಂದೆ? ಇಪ್ಪತ್ತು ವರ್ಷದಿಂದ ನಾನೇನು ಇಲ್ಲಿ ಬಟಾಣಿ ಸುಲೀತಿದ್ನಾ?"

ರಾಯ್ಸ್ ನಾಚಿಕೊಂಡು ಥ್ಯಾಂಕ್ಸ್ ಹೇಳಿ ಹೋದ. ಅವನು ಕೇಳಿದ್ದೇ ಸರಿಯಾದ ಅಳತೆ. ಡಿಸ್ಕ್ ಕೂರುವ ಜಾಗ ಟೈರಿನ ಒಳಮೈಗಿಂತ ನಾಲ್ಕು ಬೆರಳು ಹೊರಗಿರುತ್ತದೆ. ಅಣ್ಣ ಹೇಳಿದಂತೆ ಕತ್ತರಿಸಿದರೆ ಚಕ್ರ ಒಂದೊಂದು ಕಡೆಗೂ ಅಷ್ಟಷ್ಟು ಒಳಕ್ಕೆ ಸರಿದು ಚಾಸಿಗೆ ಮುಟ್ಟುತ್ತದೆ. ಅಗಲ ಹೆಚ್ಚಾದ ಆಕ್ಸಲನ್ನು ಮತ್ತೊಮ್ಮೆ ಕತ್ತರಿಸಬಹುದು. ಕಡಿಮೆಯಾದದ್ದು ಗುಜರಿಗೇ ಸೈ.

ರಾಯ್ಸ್ ಕೊಟ್ಟ ಅಳತೆಗೆ ಆಕ್ಸಲ್ ಕತ್ತರಿಸಿಕೊಟ್ಟವನು ಲೇಥ್ ಅಂಗಡಿಯ ಬರ್ಲ್. ಅದು ಸಿದ್ಧವಾದ ಮೇಲೆ ಡೆಲ್ಬರ್ಟೇ ಫೋನ್ ಮಾಡಿ ತಮ್ಮನನ್ನು ಕರೆದ. "ಗಾಡಿ ಇಲ್ಲಿಗೇ ತಂದ್ಬಿಡು, ಕೂರಿಸಿಕೊಡ್ತೀನಿ" ಎಂದ. ಶನಿವಾರ ಮಧ್ಯಾಹ್ನ ಶೆಡ್ಡಿನ ಮುಂದೆ ಗಿರಾಕಿಗಳು, ಸ್ನೇಹಿತರು ಬಿಯರ್ ಹಿಡಿದು ನಿಂತಿದ್ದರು. ಕಾರಿನಡಿ ಆಕ್ಸಲ್ ಕೂರಿಸಿದ ಮೇಲೆ ರಾಯ್ಸ್ ಮೊದಲನೇ ಚಕ್ರ ಎತ್ತಿ ಬೋಲ್ಟುಗಳಿಗೆ ತಳ್ಳಿದ. ಕೂರಲಿಲ್ಲ. ಟೈರು ಚಾಸಿಗೆ ಒತ್ತಿಕೊಂಡಿತು. ಮಂಡಿಯೂರಿ, ಹೆಗಲು ಕೊಟ್ಟು ಮತ್ತೆ ತಳ್ಳಿದ.

"ತಳ್ಳೋ ಪುಟ್ಟ, ಹೆರಿಗೆ ಕಷ್ಟ ಆಗ್ತಿದೆ" ಎಂದ ಡೆಲ್ಬರ್ಟ್.

ಜನ ನಕ್ಕರು. ಒಬ್ಬ, "ಮಕ್ಕಳ ಮೂರು ಚಕ್ರದ ಸೈಕಲ್ಲಿಗೆ ಹಾಕಿಬಿಡಿ, ಸರಿಹೋಗುತ್ತೆ" ಎಂದ. ರಾಯ್ಸ್ ಅಣ್ಣನತ್ತ ತಿರುಗಿದ.

"ನೀನು ಹೇಳ್ದಂಗೇ ಅಳೆದೆ ಡೆಲ್."

"ನಾನಾ? ನಾನು ಡಿಸ್ಕ್ ಕೂರೋ ಜಾಗದಿಂದ ಅಂತ ಹೇಳ್ದೆ. ನಿನ್ನ ಕಿವಿಗೆ ಎಣ್ಣೆಬಾವಿ ಸದ್ದು ಹೊಕ್ಕು ಹಾಳಾಗಿದೆ." ಡೆಲ್ಬರ್ಟ್ ಅಲ್ಲಿದ್ದವರ ಕಡೆ ನೋಡಿ ತಲೆಯಾಡಿಸಿದ. "ಅಪ್ಪ ಜೋಪಾನ ಮಾಡಿಟ್ಟಿದ್ದ ಆಕ್ಸಲ್. ಒಂದೇ ದಿನದಲ್ಲಿ ಕೊಂದ."

ರಾಯ್ಸ್‌ನ ಮುಖ ಸುಟ್ಟ ಇಟ್ಟಿಗೆಯಂತಾಯಿತು. ಗ್ರೀಸ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಕಾರು ನೀನೇ ಇಟ್ಕೋ. ನನ್ನ ಕೈಲಾಗೋ ಕೆಲಸ ಅಲ್ಲ" ಎಂದ. ಟಾಫ್ಟಿನವರೆಗೆ ಯಾರದೋ ಲಾರಿ ಹತ್ತಿ ಹೋದ.

ಡೆಲ್ಬರ್ಟ್ ಬೇರೆ ಆಕ್ಸಲ್ ತಂದು, ಸರಿಯಾಗಿ ಅಳೆದು ಕೂರಿಸಿದ. ಕೆಂಪು ಬಣ್ಣ ಹೊಡೆಸಿದ. ಆ ಚಳಿಗಾಲದ ಹೊತ್ತಿಗೆ ಕೂಪೆ ಬೇಕರ್ಸ್‌ಫೀಲ್ಡಿನ ರಸ್ತೆಗಳಲ್ಲಿ ಓಡುತ್ತಿತ್ತು. ಹಿಂದಿನ ಟೈರುಗಳು ಮಡ್‌ಗಾರ್ಡಿನೊಳಗೆ ಕೂತ ಠೀವಿಯನ್ನು ಜನ ಬಗ್ಗಿ ಬಗ್ಗಿ ನೋಡುತ್ತಿದ್ದರು.

ಲೇಥಿನ ಬರ್ಲ್ ಒಂದು ದಿನ ಟಾಫ್ಟಿನ ಹೋಟೆಲಿನಲ್ಲಿ ರಾಯ್ಸ್‌ಗೆ ಸಿಕ್ಕಿದ. ಕಾಫಿ ಕುಡಿಯುತ್ತ, ಹೇಳಲೋ ಬೇಡವೋ ಎನ್ನುವಂತೆ ಹೇಳಿದ.

"ನಿನ್ನ ಅಳತೆ ನೋಡಿ ನಂಗೆ ಅನುಮಾನ ಬಂತು ಕಣಯ್ಯ. ನಿಮ್ಮಣ್ಣಂಗೆ ಫೋನ್ ಮಾಡ್ದೆ. 'ಅವನು ಹೇಳಿದಷ್ಟಕ್ಕೇ ಕತ್ತರಿಸು, ಬಾಯ್ಮುಚ್ಕೊಂಡಿರು' ಅಂದ."

ರಾಯ್ಸ್ ಮೊಟ್ಟೆ ತಿನ್ನುತ್ತಿದ್ದ. ತಟ್ಟೆ ಖಾಲಿಯಾಗುವವರೆಗೂ ತಿಂದ. ಮನೆಗೆ ಹೋಗಿ ನಡೀನ್‌ಗೆ ಈ ಸುದ್ದಿ ಹೇಳಲಿಲ್ಲ.

ವಸಂತ ಕಾಲಿಡುತ್ತಿದ್ದಂತೆ ತಾಯಿ ಓಪಲ್ ಹಾಸಿಗೆ ಹಿಡಿದಳು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಡಾಕ್ಟರು ಕೈಚೆಲ್ಲಿ, ಮನೆಯಲ್ಲೇ ನೋಡಿಕೊಳ್ಳಿ ಎಂದರು. ಮುದುಕಿಗೆ ಹಿರಿಯ ಮಗನೆಂದರೆ ಮೊದಲಿನಿಂದಲೂ ಒಂದು ಕೈ ಹೆಚ್ಚು ಪ್ರೀತಿ.

"ಡೆಲ್‌ಗೆ ಹೇಳಿದ್ಯೇನೋ?"

"ಹೇಳಿದೀನಮ್ಮ. ಬರ್ತಾನೆ."

ಅವನು ಹೇಳಿರಲಿಲ್ಲ. ನಡೀನ್ ಅಡುಗೆಮನೆಯಲ್ಲಿ ಅವನ ತೋಳು ಹಿಡಿದುಕೊಂಡಳು.

"ಫೋನ್ ಮಾಡು ರಾಯ್ಸ್. ಕಾರಿನ ಸಿಟ್ಟು ಅತ್ತೆ ಮೇಲ್ಯಾಕೆ ತೀರಿಸ್ಕೋತೀಯ?"

"ನೀನು ಫೋನ್ ಮುಟ್ಟಿದ್ರೆ, ಈ ಮನೇಲಿ ಇರ್ಬೇಡ."

ಅವಳು ಮುಟ್ಟಲಿಲ್ಲ. ರಸ್ತೆಯಲ್ಲಿ ಯಾವ ಇಂಜಿನ್ ಸದ್ದಾದರೂ ಓಪಲ್ ದಿಂಬಿನಿಂದ ತಲೆಯೆತ್ತುತ್ತಿದ್ದಳು. ಎಣ್ಣೆ ಕಂಪನಿಯ ಲಾರಿಗಳು ಹೋಗುತ್ತಲೇ ಇದ್ದವು. ಕೊನೆಕೊನೆಗೆ ತಲೆಯೆತ್ತಲಾಗದೆ ಕಣ್ಣನ್ನಷ್ಟೇ ಬಾಗಿಲಿನತ್ತ ತಿರುಗಿಸುತ್ತಿದ್ದಳು. ಹಾಗೇ ಪ್ರಾಣ ಹೋಯಿತು. ರಾಯ್ಸ್ ಪೇಪರಿಗೆ ಸಾವಿನ ಸುದ್ದಿ ಕೊಡದೆ, ಪಾದ್ರಿಯೊಬ್ಬನನ್ನೇ ಕರೆದು ಮಣ್ಣು ಮಾಡಿಸಿದ.

ಮೇ ತಿಂಗಳಲ್ಲಿ ತಾಯಂದಿರ ದಿನಕ್ಕೆ ಡೆಲ್ಬರ್ಟ್ ಕೆಂಪು ಕೂಪೆಯಲ್ಲಿ ಬಂದ. ಕೈಯಲ್ಲಿ ಹೂಗೊಂಚಲು. ರಾಯ್ಸ್ ಮೆಟ್ಟಿಲ ಮೇಲೆ ಕೂತಿದ್ದ, ಏಳಲಿಲ್ಲ.

"ಅಮ್ಮ ಎಲ್ಲೋ? ಅಪ್ಪನ ಗಾಡೀಲಿ ಒಂದು ರೌಂಡ್ ಹೊಡೆಸ್ತೀನಿ."

"ಈಸ್ಟರ್ ಆದ್ಮೇಲೆ ಮಣ್ಣು ಮಾಡಿದ್ವಿ."

ಡೆಲ್ಬರ್ಟ್ ನಗಲು ನೋಡಿದ. ತಮ್ಮನ ಮುಖ ಕಂಡು ನಗು ಅರ್ಧಕ್ಕೇ ನಿಂತಿತು. ಹೂಗೊಂಚಲು ಎಲ್ಲಿಡುವುದೆಂದು ತಿಳಿಯದವನಂತೆ ಆ ಕೈಯಿಂದ ಈ ಕೈಗೆ ಬದಲಾಯಿಸಿದ.

"ನಂಗ್ಯಾಕೆ ಹೇಳ್ಲಿಲ್ಲ?"

"ಬರ್ಲ್ ಸಿಕ್ಕಿದ್ದ."

ಡೆಲ್ಬರ್ಟ್ ನೆಲ ನೋಡಿದ. "ಆ ಗಾಡಿ ತಗಡು ಕಣೋ. ಬರೀ ತಗಡು" ಎಂದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ: "ಅಮ್ಮ ನನ್ನ ಕೇಳಿದ್ಲಾ?"

"ಇಲ್ಲ" ಎಂದ ರಾಯ್ಸ್. "ಒಂದು ಸಲವೂ ನಿನ್ನ ಹೆಸರು ಎತ್ತಲಿಲ್ಲ."

ಒಳಗೆ ಬಾಗಿಲ ಹಿಂದೆ ನಿಂತಿದ್ದ ನಡೀನ್‌ಗೆ ಇದು ಕೇಳಿಸಿತು. ಅವಳು ಹೊರಗೆ ಬರುವಷ್ಟರಲ್ಲಿ ಡೆಲ್ಬರ್ಟ್ ಹೊರಟುಹೋಗಿದ್ದ. ಮರುದಿನ ಗಂಡ ಕೆಲಸಕ್ಕೆ ಹೋದ ಮೇಲೆ ಅವಳು ಫೋನ್ ಎತ್ತಿ ಶೆಡ್ಡಿನ ನಂಬರು ತಿರುಗಿಸಿದಳು. ಡೆಲ್ಬರ್ಟ್ "ಹಲೋ" ಎಂದ. ಅವಳು ಏನು ಹೇಳುವುದು? ಅಮ್ಮ ಕೇಳಲೇ ಇಲ್ಲ ಎಂಬ ಸುಳ್ಳನ್ನು ಅವನು ಹೇಗೋ ಹೊತ್ತು ಬದುಕಬಹುದು. ಉಸಿರಿರುವವರೆಗೂ ಬಾಗಿಲು ನೋಡುತ್ತಿದ್ದಳು ಎಂಬ ನಿಜವನ್ನು ಹೊರಲಾರ.

"ಯಾರು? ಮಾತಾಡಿ" ಎಂದ ಡೆಲ್ಬರ್ಟ್.

ನಡೀನ್ ಫೋನ್ ಇಟ್ಟುಬಿಟ್ಟಳು.